ಇಬ್ಬರಿಗೂ ಬೆನ್ನುನೋವು

ಮೂರನೆಯ ಹಾಸಿಗೆಯೂ ಗಂಡನಿಗೆ ಹಿಡಿಸಲಿಲ್ಲ. ಅಂಗೈ ಊರಿ ಒತ್ತಿದ, ಕೂತ, ಎದ್ದ. ಏಳುವಾಗ ಒಂದು ಕೈ ಸೊಂಟಕ್ಕೆ ಹೋಯಿತು. ಇನ್ನೊಂದು ಕೈ ಹೆಂಡತಿಯ ತೋಳಿನ ಮೇಲೆಯೇ ಇತ್ತು.

ಅಂಗಡಿಯಾಕೆ ಆ ಕೈಯನ್ನು ಆಗಿನಿಂದ ನೋಡುತ್ತಿದ್ದಳು. ಹಾಸಿಗೆ ಕೊಳ್ಳಲು ಬರುವ ಗಂಡಸರು ಸಾಮಾನ್ಯವಾಗಿ ಬಾಗಿಲ ಬಳಿಯೇ ಫೋನು ಹಿಡಿದು ನಿಂತುಬಿಡುತ್ತಾರೆ. ಬೆಲೆ ಹೇಳಿದಾಗ ಮಾತ್ರ ತಲೆ ಎತ್ತುತ್ತಾರೆ. ಇವನು ಹಾಗಲ್ಲ. ಹೆಂಡತಿಯ ಕೈಚೀಲ ಇವನ ಹೆಗಲಲ್ಲಿತ್ತು. ಅವಳನ್ನು ಕೇಳಿದ ಮಾತಿಗೂ ಇವನೇ ಉತ್ತರ ಕೊಡುತ್ತಿದ್ದ. ಬಿದ್ದಾಗಿನಿಂದ ಅವಳಿಗೆ ಮಾತು ಕಡಿಮೆ ಎಂದ.

ನೋವು ಯಾವಾಗಿನಿಂದ ಎಂದರೆ, ಇಬ್ಬರಿಗೂ ಒಂದೇ ರಾತ್ರಿ ಶುರುವಾದದ್ದಂತೆ. ಹೆಂಡತಿ ಮನೆಯ ಮೆಟ್ಟಿಲಲ್ಲಿ ಕಾಲು ಜಾರಿ ಕೆಳಗಿನವರೆಗೂ ಉರುಳಿದ್ದಳು. ಇವನು ಹಿಂದೆಯೇ ಓಡಿಹೋಗಿ, ಅವಳನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಮಹಡಿಯವರೆಗೆ ತಂದಿದ್ದ. ಆಗಲೇ ಸೊಂಟ ಹಿಡಿದುಕೊಂಡಿತು. ಅವಳದು ಬಿದ್ದ ನೋವು, ಇವನದು ಎತ್ತಿದ ನೋವು.

ಅಂಗಡಿಯಾಕೆಗೆ ತನ್ನ ಗಂಡ ನೆನಪಾದ. ತಾನು ಬಚ್ಚಲಲ್ಲಿ ಜಾರಿ ಬಿದ್ದ ದಿನ ಅವನು ಕೂತಲ್ಲಿಂದಲೇ, ಏನು ಬಿತ್ತು ಎಂದು ಕೇಳಿದ್ದ. ನಾನು ಎಂದದ್ದಕ್ಕೆ, ಸರಿ ಎಂದಿದ್ದ.

"ಪುಣ್ಯ ಮಾಡಿದ್ರಿ ಕಣಮ್ಮ ನೀವು," ಎಂದಳು.

ಹೆಂಡತಿ ಹಾಸಿಗೆಯ ಅಂಚಿನ ಹೊಲಿಗೆಯನ್ನು ನೋಡುತ್ತಿದ್ದಳು. ಮುಖ ಎತ್ತಲಿಲ್ಲ, ನಗಲಿಲ್ಲ. ಕಲ್ಲಿನಂಥವಳು, ಎಂದುಕೊಂಡಳು ಅಂಗಡಿಯಾಕೆ. ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ.

ಗಂಡನಿಗೆ ಬೇಕಾಗಿದ್ದುದು ನಿದ್ದೆ. ಅವನು ಬಸ್ಸು ಓಡಿಸುವವನು. ಮೊನ್ನೆ ಒಂದು ತಿರುವಿನಲ್ಲಿ ಕಣ್ಣು ಮುಚ್ಚಿಹೋಗಿತ್ತು. ಮುಂದಿನ ಸೀಟಿನ ಹೆಂಗಸೊಬ್ಬಳು ಕಿರುಚಿದ್ದರಿಂದ ಬಸ್ಸು ರಸ್ತೆಯ ಮೇಲೆ ಉಳಿಯಿತು. ಇನ್ನೊಮ್ಮೆ ಹೀಗಾದರೆ ಮತ್ತೆ ಬರುವುದೇ ಬೇಡ ಎಂದು ಡಿಪೋದಲ್ಲಿ ಹೇಳಿ ಕಳಿಸಿದ್ದರು. ಮನೆಯಲ್ಲಿರುವುದು ಹಳೆಯ ಸ್ಪ್ರಿಂಗ್ ಹಾಸಿಗೆ.

"ಇವಳು ಆ ಕಡೆ ಮಗ್ಗುಲು ಬದಲಾಯಿಸಿದ್ರೆ ಸಾಕು, ಈ ಕಡೆ ನಂಗೆ ಎಚ್ಚರ ಆಗತ್ತೆ," ಎಂದ ಅವನು. "ಆಮೇಲೆ ನಿದ್ದೆ ಎಲ್ಲಿಂದ ಬರ್ಬೇಕು? ಮಲಗಿದಾಳೋ ಇಲ್ವೋ ಅಂತ ಇವಳನ್ನೇ ನೋಡ್ತಾ ಇರ್ತೀನಿ."

"ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರೆ. ನಿಮ್ಮದು ಮಲಗಿದ ಮೇಲೆ ಶುರು ಅನ್ನಿ."

ಗಂಡ ನಕ್ಕ. ಹೆಂಡತಿಯ ತೋಳನ್ನು ಮೆಲ್ಲನೆ ತಟ್ಟಿದ.

ಅಂಗಡಿಯಾಕೆ ಅವರನ್ನು ಒಳಗಿನ ಸಾಲಿಗೆ ಕರೆದೊಯ್ದಳು. ಅಲ್ಲಿದ್ದುದು ದಪ್ಪನೆಯ ಫೋಮ್ ಹಾಸಿಗೆ. ಕಿಟಕಿಯ ಕಟ್ಟೆಯ ಮೇಲಿದ್ದ ಗಾಜಿನ ಲೋಟಕ್ಕೆ ಕೈ ಹಾಕಿದಳು. ಲೋಟದ ತುಂಬ ನೀರು ತುಂಬಿ ಹಾಸಿಗೆಯ ಒಂದು ಬದಿಗಿಟ್ಟು, ಇನ್ನೊಂದು ಬದಿಯಲ್ಲಿ ತಾನೇ ಕುಣಿದು ತೋರಿಸುವುದು ಅವಳ ಮೆಚ್ಚಿನ ಆಟ. ಒಂದು ಹನಿಯೂ ತುಳುಕುವುದಿಲ್ಲ. ಇವರು ಬಂದಾಗಲೂ ಬೇರೆ ಗಿರಾಕಿಗೆ ಅದನ್ನೇ ತೋರಿಸುತ್ತಿದ್ದಳು. ಆಗ ಗಂಡ ಬಗ್ಗಿ ಚಪ್ಪಲಿ ಬಿಡುತ್ತಿದ್ದ. ಹೆಂಡತಿ ನಿಂತು ನೋಡಿದ್ದಳು.

"ಅದೆಲ್ಲ ಬೇಡ," ಎಂದಳು ಹೆಂಡತಿ. ಅವಳ ದನಿ ಕೇಳಿಸಿದ್ದು ಅದೇ ಮೊದಲು. "ಇವರ ಸೊಂಟಕ್ಕೆ ಒಗ್ಗತ್ತಾ ನೋಡೋಣ. ಅಷ್ಟು ಸಾಕು."

ಅಂಗಡಿಯಾಕೆಗೆ ಮುಖಕ್ಕೆ ಹೊಡೆದಂತಾಯಿತು. ಲೋಟ ಕೆಳಗಿಟ್ಟಳು.

ಗಂಡ ಮಲಗಿದ. ಹೆಂಡತಿಯೇ ಅವನ ತಲೆಯಡಿಗೆ ದಿಂಬು ಸರಿಸಿ, ಮೊಣಕಾಲ ಕೆಳಗೊಂದು ಚಿಕ್ಕ ದಿಂಬು ಕೊಟ್ಟಳು. ಕಣ್ಣು ಬಿಟ್ಟುಕೊಂಡು ಮಲಗಿದರೆ ಏನು ಗೊತ್ತಾಗುತ್ತದೆ ಎಂದಳು. ಅವನು ಕಣ್ಣು ಮುಚ್ಚಿದ. ಬಂದಾಗಿನಿಂದ ಮೊದಲ ಸಲ ಅವಳ ತೋಳಿನ ಮೇಲಿದ್ದ ಕೈ ಸಡಿಲವಾಯಿತು.

ಅವಳು ಇನ್ನೊಂದು ಬದಿಯಲ್ಲಿ ಮಲಗಿದಳು. ಸ್ವಲ್ಪ ಹೊತ್ತು ಸೂರು ನೋಡಿದಳು. ಆಮೇಲೆ ಮಗ್ಗುಲಾಗಿ, ಕಾಲು ಇಳಿಸಿ, ಎದ್ದು ನಿಂತಳು. ನೋವಿಗೆ ಮುಖ ಕಿವುಚಿದಳು, ಬಾಯಿಂದ ಸದ್ದು ಬರಲಿಲ್ಲ. ಮತ್ತೆ ಮಲಗಿದಳು. ಮತ್ತೆ ಎದ್ದಳು. ಗಂಡನ ರೆಪ್ಪೆ ಅಲುಗಲಿಲ್ಲ. ಅವನು ಕಣ್ಣು ತೆರೆಯುವಷ್ಟರಲ್ಲಿ ಅವಳು ಮೊದಲಿನಂತೆ ಅಂಗಾತ ಮಲಗಿದ್ದಳು.

ಅಂಗಡಿಯಾಕೆಯ ಮನಸ್ಸು ಕರಗಿತು. ಗಂಡನ ನಿದ್ದೆ ಕೆಡಬಾರದೆಂದು ನೋವು ನುಂಗಿಕೊಂಡು ಪರೀಕ್ಷೆ ಮಾಡುತ್ತಿದ್ದಾಳೆ. ಇವಳನ್ನು ಕಲ್ಲು ಅಂದುಕೊಂಡೆನಲ್ಲ.

"ಇದು ಹಾಯಾಗಿದೆ," ಎಂದ ಗಂಡ. "ನಿಂಗೆ?"

"ನಿಮಗೆ ನಿದ್ದೆ ಬಂದ್ರೆ ನಂಗೆ ಅಷ್ಟೇ ಸಾಕು."

ಸಂಜೆಯೊಳಗೆ ಹಾಸಿಗೆ ಅವರ ಮನೆ ಸೇರಿತು.

ವಾರ ಕಳೆದಿರಲಿಲ್ಲ. ಬೆಳಿಗ್ಗೆ ಅಂಗಡಿಯಾಕೆ ಬೀಗ ತೆರೆಯಲು ಬಂದಾಗ ಆ ಗಂಡ ಹಾಸಿಗೆ ಸಮೇತ ಬಾಗಿಲಲ್ಲಿ ನಿಂತಿದ್ದ. ಸಾಮಾನು ಗಾಡಿಯಿಂದ ತಾನೊಬ್ಬನೇ ಎಳೆದು ಇಳಿಸಿದ್ದ. ಸೊಂಟ ನೆಟ್ಟಗಿತ್ತು. ಕಣ್ಣಿನ ಕೆಳಗಿನ ಕಪ್ಪು ಹೋಗಿತ್ತು. ಇದು ಬೇಡ, ವಾಪಸ್ ತಗೊಳ್ಳಿ ಎಂದ.

ನೋವು ಕಡಿಮೆಯಾಗಲಿಲ್ಲವೇ ಎಂದು ಅಂಗಡಿಯಾಕೆ ಕೇಳಿದಳು. ನೋವೇ ಇಲ್ಲ ಎಂದ. ನಿದ್ದೆ ಬರುತ್ತಿಲ್ಲವೇ? ಜನ್ಮದಲ್ಲಿ ಹಾಗೆ ಮಲಗಿರಲಿಲ್ಲ ಎಂದ. ಬಾಗಿಲ ಚೌಕಟ್ಟನ್ನು ಹಿಡಿದ ಅವನ ಬೆರಳ ಗೆಣ್ಣುಗಳು ಬಿಳಿಚಿದ್ದವು.

"ಮತ್ತೆ ಹಾಸಿಗೆಗೆ ಏನಾಗಿದೆ?"

"ಈ ಸಲ ಅವಳು ಎದ್ದು ಹೋಗಿದ್ದು ನಂಗೆ ಗೊತ್ತಾಗ್ಲೇ ಇಲ್ಲ."