ಮೊದಲು ವೀಲ್ ಒಂದು ಸುತ್ತು ಕೈಯಲ್ಲಿ ತಿರುಗಿಸಿ

ಓದೋಕೆ ಮೂರೇ ನಿಮಿಷ... ಆದರೆ ಮೂಗಿನ ತುದಿಯಲ್ಲೇ ಕೋಪ ಇರುವವರು ದಯವಿಟ್ಟು ಕೂತು ಓದಿ.

ಸೂಜಿ 'ಟಣ್' ಎಂದು ಮುರಿದು, ಚೂರು ಹಾರಿ ಪಂಪಾಪತಿ ಮೇಷ್ಟ್ರ ಕೆನ್ನೆಗೆ ಚುಚ್ಚಿತು. ಬೆಳಿಗ್ಗೆಯಿಂದ ಇದು ಐದನೇ ಸೂಜಿ...

ಕೆನ್ನೆಯ ರಕ್ತವನ್ನೂ ಒರೆಸಿಕೊಳ್ಳಲಿಲ್ಲ. ಸುತ್ತಿಗೆ ಎತ್ತಿ ಹೊಲಿಗೆ ಮಷಿನ್ ಮೇಲೆ ಬಾರಿಸಿದರು. ಒಂದು... ಎರಡು... ಮೂರು... ಮುಚ್ಚಳ ನಜ್ಜುಗುಜ್ಜಾಯಿತು.

"ಅಪ್ಪಾ, ಟೀ..." ಬಾಗಿಲಲ್ಲಿ ಮಗಳು ಸಿಂಚನಾ.

"ನಿನ್ ಟೀ ಮನಿ ಹಾಳಾಗ!"

ಸುತ್ತಿಗೆ ಕೈಯಿಂದ ಹಾರಿತು. ಅವಳ ಕಿವಿಯಿಂದ ಗೇಣು ದೂರದಲ್ಲಿ ಗೋಡೆಗೆ ಬಡಿದು ಸಿಮೆಂಟ್ ಉದುರಿತು.

ಹತ್ತೊಂಬತ್ತು ವರ್ಷದ ಹುಡುಗಿ ಕಿರುಚಲಿಲ್ಲ. ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡು ಅಲ್ಲೇ ಕುಸಿದು ಕೂತಳು. ಪಾಪ, ಅಭ್ಯಾಸ ಆಗಿಹೋಗಿತ್ತು.

ಪಂಪಾಪತಿ ಬಳ್ಳಾರಿಯ ಒಂದು ಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು. ಗ್ರೌಂಡಿನಲ್ಲೂ ಕೈ ಮುಂದು, ಮನೆಯಲ್ಲೂ ಕೈ ಮುಂದು.

ಆರು ತಿಂಗಳ ಹಿಂದೆ ಹೆಂಡತಿ ನೀಲಮ್ಮನ ಕೈಮೂಳೆ ಮುರಿದಿದ್ದರು. ಅವತ್ತು ಆಕೆ ಆಡಿದ್ದು ಒಂದೇ ಮಾತು... "ಇನ್ನೊಂದ್ಸಲ ಹಿಂಗಾದ್ರೆ ನಾನೂ ಮಗಳೂ ಈ ಮನ್ಯಾಗ ಇರಂಗಿಲ್ಲ."

ಡಾಕ್ಟರೂ ಬೈದರು. "ಬಿಪಿ ನೋಡ್ರಿ ನಿಮ್ದು! ಏನಾದ್ರೂ ಹಾಬಿ ಇಟ್ಕೊಳ್ರಿ."

ಫೋನಿನಲ್ಲಿ ಲೆದರ್ ಬ್ಯಾಗ್ ಹೊಲಿಯುವ ವಿಡಿಯೋ ನೋಡಿ ಮೇಷ್ಟ್ರಿಗೆ ಆಸೆಯಾಯಿತು. ಜೀನ್ಸ್ ಹೊಲಿಯುವ ಯೂನಿಟ್‌ಗಳ ಹಳೇ ಮಷಿನ್ ಮಾರುವ ಅಂಗಡಿಗೆ ಹೋದರು.

"ಚರ್ಮಕ್ಕೆ ಇದು ತಗಳ್ರಿ ಸಾರ್, ನಿಧಾನ ಓಡ್ತೈತಿ, ದಪ್ಪ ಎಳೀತೈತಿ" ಎಂದ ಅಂಗಡಿಯವನು.

"ನಾನೇನು ಮುದುಕನಾ? ಎಲ್ಲಕ್ಕಿಂತ ಸ್ಪೀಡ್ ಇರೋದು ಕೊಡಯ್ಯಾ!"

ಅಲ್ಲ ಸ್ವಾಮೀ... ಕೋಪ ಇಳಿಸಿಕೊಳ್ಳಲು ಹೊರಟವರು ನಿಮಿಷಕ್ಕೆ ಐದು ಸಾವಿರ ಹೊಲಿಗೆ ಹಾಕುವ ಮಷಿನ್ ತಂದರೆ ಯಾರಿಗೆ ಹೇಳೋಣ!

ಈಗ ನೀಲಮ್ಮ ಒಳಗಿನಿಂದ ಒಂದು ಬ್ಯಾಗ್ ತಂದು ಹೊಸಿಲ ಹತ್ತಿರ ಇಟ್ಟಳು. ಮೊದಲೇ ತುಂಬಿಟ್ಟಿದ್ದ ಬ್ಯಾಗ್ ಅದು.

"ಸಂಜೆ ಬಸ್ಸಿಗೆ ಹೊಂಟೀವಿ."

"ನಾನು ಹೊಡೆದಿದ್ದು ಮಷಿನ್‌ಗೆ ಕಣೇ!"

"ಸುತ್ತಿಗಿ ಗ್ವಾಡಿಗೆ ಬಿದ್ದಿದ್ದು ಅವಳ ಪುಣ್ಯಕ್ಕೆ... ನಿಮ್ಮ ಒಳ್ಳೇತನಕ್ಕಲ್ಲ."

ಅಷ್ಟರಲ್ಲಿ ಬೆಳಿಗ್ಗೆ ಫೋನ್ ಮಾಡಿ ಕರೆದಿದ್ದ ಮೆಕ್ಯಾನಿಕ್ ಬಂದಳು. ಹೆಸರು ಹುಸೇನಬೀ, ಅರವತ್ತು ದಾಟಿದ ಹೆಂಗಸು. ಊರಿನ ಅರ್ಧ ಜೀನ್ಸ್ ಮಷಿನ್‌ಗಳಿಗೆ ಅವಳದೇ ಕೈ.

ಮುಚ್ಚಳ ಬಿಚ್ಚಿ ಒಳಗೆ ಬೆರಳಾಡಿಸಿದಳು.

"ಇದು ತೆಳ್ಳನ ಬಟ್ಟಿ ಹೊಲಿಯೋ ಮಷಿನ್ ಸಾರ್. ಸೂಜೀನೂ ಬಟ್ಟಿದೇ. ಸಿಕ್ಕಿಕೊಂಡಾಗ ನಿಲ್ಲಿಸೋದು ಬಿಟ್ಟು ಪೆಡಲ್ ತುಳಿದ್ರಿ, ಸೂಜಿ-ಹುಕ್ ಕೂಡೋ ಟೈಮಿಂಗ್ ಹೋಗೈತಿ. ಆರು ತಿಂಗಳಿಂದ ಒಂದು ಹನಿ ಎಣ್ಣಿ ಕಂಡಿಲ್ಲ... ಇದರದೇನು ತಪ್ಪು?"

ತಲೆ ಎತ್ತಿದಳು. ಗೋಡೆಯ ತೂತು ನೋಡಿದಳು... ಹೊಸಿಲ ಬಳಿಯ ಬ್ಯಾಗ್ ನೋಡಿದಳು... ಮೂಲೆಯಲ್ಲಿ ಇನ್ನೂ ಕಿವಿ ಮುಚ್ಚಿಕೊಂಡೇ ಕೂತಿದ್ದ ಹುಡುಗಿಯನ್ನು ನೋಡಿದಳು.

ಮುಚ್ಚಳ ಪಕ್ಕಕ್ಕಿಟ್ಟಳು. "ನಾನು ರಿಪೇರಿ ಮಾಡಲ್ಲ."

"ಏಯ್ ಮುದುಕಿ!" ಪಂಪಾಪತಿ ಅವಳ ಟೂಲ್ ಬಾಕ್ಸ್‌ಗೆ ಒದ್ದರು. ಸ್ಪಾನರ್‌ಗಳು ನೆಲದ ತುಂಬ ಚೆಲ್ಲಾಡಿದವು. ಮುಷ್ಟಿ ಮೇಲೆದ್ದಿತು.

ಹುಸೇನಬೀ ಹೆದರಲಿಲ್ಲ. ಬಗ್ಗಿ, ಎಲ್ಲಕ್ಕಿಂತ ದೊಡ್ಡ ಸ್ಪಾನರ್ ಹೆಕ್ಕಿ ಆ ಮುಷ್ಟಿಯೊಳಗೆ ತುರುಕಿದಳು.

"ಹೊಡೀರಿ. ಇದ್ರಾಗೇ ಹೊಡೀರಿ. ನನ್ನ ಮಗಳಿಗೆ ನಾನು ಹೊಡದಿದ್ದೂ ಇದ್ರಾಗೇ."

ಮೇಲೆದ್ದ ಮುಷ್ಟಿ ಅಲ್ಲೇ ನಿಂತಿತು...

"ಯೂನಿಟ್‌ನಾಗ ಇಬ್ರೂ ದುಡೀತಿದ್ವಿ ಸಾರ್. ಮಷಿನ್ ಜಾಮ್ ಮಾಡಿದ್ಲು ಅಂತ ಸಿಟ್ಟು ನೆತ್ತಿಗೇರ್ತು. ಕಿವಿ ಮ್ಯಾಲೆ ಬಿತ್ತು ಏಟು. ರಕ್ತ ಸುರೀತು... ಆ ಕಿವಿ ಮತ್ತೆ ಕೇಳಲಿಲ್ಲ."

ಹುಸೇನಬೀ ನೆಲದ ಮೇಲಿನ ಸ್ಪಾನರ್‌ಗಳನ್ನು ಒಂದೊಂದಾಗಿ ಹೆಕ್ಕತೊಡಗಿದಳು.

"ಮಗಳು ಮನಿ ಬಿಟ್ಟು ಹೋಗಿ ಹನ್ನೊಂದು ವರ್ಷ ಆತು. ಇನ್ನೊಂದು ಕಿವಿ ಚೆಂದಾಗಿ ಕೇಳ್ತೈತಿ... ಆದ್ರೂ ನಾನು ಕರೆದ್ರೆ ತಿರುಗಿ ನೋಡಲ್ಲ."

ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಅವತ್ತಿಂದ ಯಾವ ಮಷಿನ್ ಸಿಕ್ಕಿಕೊಂಡ್ರೂ ಮೊದ್ಲು ಸ್ವಿಚ್ ಆಫ್. ಆಮೇಲೆ ಪೆಡಲ್ ಮ್ಯಾಲಿಂದ ಕಾಲು ತೆಗೀತೀನಿ, ವೀಲ್ ಒಂದು ಸುತ್ತು ಕೈಲಿ ತಿರುಗಿಸ್ತೀನಿ. ಎಲ್ಲಿ ಹಿಡ್ಕಂಡೈತಿ ಅಂತ ಕೈಗೇ ತಿಳೀತೈತಿ. ನಂಗೆ ಇದು ತಡವಾಗಿ ತಿಳೀತು... ನಿಮ್ಮ ಮಗಳು ಇನ್ನೂ ಇಲ್ಲೇ ಅದಾಳೆ ಸಾರ್."

ಮೇಷ್ಟ್ರ ಕೈಯಿಂದ ಸ್ಪಾನರ್ ಜಾರಿ ಬಿತ್ತು. ಆ ಸದ್ದಿಗೆ ಸಿಂಚನಾ ಮತ್ತೆ ಬೆಚ್ಚಿದಳು. ಅದನ್ನು ಅವರು ಮೊದಲ ಸಲ ನೋಡಿದರು... ನೋಡಿ ಮುಖ ಮುಚ್ಚಿಕೊಂಡು ಅತ್ತರು.

ಅತ್ತರೆಂದು ನೀಲಮ್ಮ ಉಳಿಯಲಿಲ್ಲ. ಮಗಳನ್ನು ಕರೆದುಕೊಂಡು ಸಂಜೆ ಬಸ್ಸಿಗೆ ಹೊರಟೇಬಿಟ್ಟಳು. ಮೇಷ್ಟ್ರು ತಡೆಯಲಿಲ್ಲ, ಅವರೇ ಬ್ಯಾಗ್ ಹೊತ್ತು ಬಸ್‌ಸ್ಟ್ಯಾಂಡಿಗೆ ಬಿಟ್ಟು ಬಂದರು.

ಮರುದಿನ ಡಾಕ್ಟರ ಹತ್ತಿರ ಹೋಗಿ, ಮುಚ್ಚಿಡದೆ ಎಲ್ಲ ಹೇಳಿಕೊಂಡರು. ಸ್ಪೀಡಿನ ಮಷಿನ್ ಅಂಗಡಿಗೇ ಕೊಟ್ಟು ನಿಧಾನದ್ದು ತಂದರು. ಚರ್ಮದ ಸೂಜಿ, ದಪ್ಪ ದಾರ... ದಿನಾ ಬೆಳಿಗ್ಗೆ ಎಣ್ಣೆ.

ಎಂಟು ತಿಂಗಳ ಮೇಲೆ ಸಿಂಚನಾ ತನ್ನ ಸರ್ಟಿಫಿಕೇಟ್ ಒಯ್ಯಲು ಬಂದಳು. ಮೇಷ್ಟ್ರು ಬ್ಯಾಗಿನ ಹಿಡಿಕೆ ಹೊಲಿಯುತ್ತಿದ್ದರು. ದಪ್ಪ ಜಾಗ...

'ಟಣ್!'

ಅವಳ ಕೈ ತಾನಾಗಿಯೇ ಕಿವಿಗೆ ಹೋಯಿತು.

ಪಂಪಾಪತಿ ಸ್ವಿಚ್ ಆಫ್ ಮಾಡಿದರು. ಪೆಡಲ್ ಮೇಲಿಂದ ಕಾಲು ತೆಗೆದರು. ವೀಲನ್ನು ಕೈಯಲ್ಲಿ ಮೆಲ್ಲಗೆ ಒಂದು ಸುತ್ತು ತಿರುಗಿಸಿದರು. ಸೂಜಿಯ ಚೂರು ಹೆಕ್ಕಿ ಡಬ್ಬಿಗೆ ಹಾಕಿ, ಹೊಸ ಸೂಜಿ ಕೂರಿಸಿದರು.

ಬಾಗಿಲಲ್ಲೇ ನಿಂತಿದ್ದ ಸಿಂಚನಾ ಬಹಳ ಹೊತ್ತು ನೋಡಿದಳು... ಆಮೇಲೆ ಕಿವಿ ಮೇಲಿನ ಕೈ ಇಳಿಸಿದಳು.

"ಅಪ್ಪಾ... ಟೀ ಮಾಡ್ಲಾ?"


ಮಷಿನ್ನಿಗೆ ಹೊಸ ಸೂಜಿ ಸಿಗುತ್ತದೆ... ಹೆದರಿದ ಮಗುವಿಗೆ ಹೊಸ ಅಪ್ಪ ಸಿಗುವುದಿಲ್ಲ, ಇರುವ ಅಪ್ಪನೇ ಬದಲಾಗಬೇಕು.

ಒಂದು ಸಲ ಯೋಚಿಸಿ... ನಿಮ್ಮ ದನಿ ಏರಿದಾಗ ನಿಮ್ಮ ಮನೆಯಲ್ಲಿ ಯಾರ ಕೈ ಕಿವಿಗೆ ಹೋಗುತ್ತದೆ?