ಇನ್ನೂ ಎಂಟು ಗಂಟೆಯ ಹಾದಿ

ಅಣ್ಣ ಕಣ್ಣು ಮುಚ್ಚಿದನೆಂದು ವೈದ್ಯರು ಹೇಳಿದ ಬೆಳಿಗ್ಗೆ ಅಕ್ಕ ಇನ್ನೂ ಸಮುದ್ರದ ಮೇಲೆ ಹಾರುತ್ತಿದ್ದಳು. ಅವಳಿದ್ದ ಊರಿನ ಮತ್ತು ಇಲ್ಲಿನ ವಿಮಾನ ನಿಲ್ದಾಣಗಳ ನಡುವೆ ಹದಿಮೂರು ಸಾವಿರ ಕಿಲೋಮೀಟರ್; ನೇರವಾಗಿ ಹಾರಿದರೂ ಹದಿನಾರು ಗಂಟೆ. ನೇರ ವಿಮಾನದಲ್ಲಿ ಸೀಟು ಸಿಗದೆ, ಟಿಕೆಟ್ ಕಚೇರಿಯಲ್ಲಿ ಕೆಲಸ ಮಾಡುವ ತಂಗಿಯೇ ನಡುವೆ ಒಂದು ಕಡೆ ವಿಮಾನ ಬದಲಿಸುವ ಟಿಕೆಟ್ ಮಾಡಿಸಿದ್ದಳು. ಅಲ್ಲಿಂದಾಚೆ ಇನ್ನೂ ಎಂಟು ಗಂಟೆ. ಅಕ್ಕನದು ಮೊದಲೇ ಸೋತ ಹೃದಯ. ಗುರುತು ಪರಿಚಯವಿಲ್ಲದ ಕಡೆ ಒಬ್ಬಳೇ ಈ ಸುದ್ದಿ ಕೇಳಿದರೆ ಗತಿಯೇನು? ಬಂದು ಇಳಿಯುವ ತನಕ ಹೇಳಬಾರದೆಂದು ತಂಗಿ ಮನಸ್ಸು ಗಟ್ಟಿ ಮಾಡಿಕೊಂಡಳು.

ಅಣ್ಣನ ಮಂಚದ ಪಕ್ಕದಲ್ಲಿ ನಿಂತಿದ್ದಾಗಲೇ ಫೋನ್ ಬಂತು.

“ಇಳಿದೆ ಕಣೇ. ಹೇಗಿದ್ದಾನೆ ನಮ್ಮ ಸೋಮಾರಿ?”

“ಮಲಗಿದ್ದಾನೆ ಅಕ್ಕ.”

“ಅದೊಂದು ಅವನಿಗೆ ಚೆನ್ನಾಗಿ ಬರುತ್ತೆ. ಮುಂದಿನ ವಿಮಾನದ ಗೇಟು ಆ ತುದೀಲಿದೆಯಂತೆ. ನನ್ನ ಮಂಡಿ ಕೇಳ್ಬೇಕಲ್ಲ!”

“ಅವಸರ ಮಾಡ್ಬೇಡ ಅಕ್ಕ. ಇದು ತಪ್ಪಿದ್ರೆ ಇನ್ನೊಂದಕ್ಕೆ ಬಾ. ನಿಧಾನವಾಗಿ ಬಾ.”

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ವಿಮಾನ ತಪ್ಪಿದರೂ ಪರವಾಗಿಲ್ಲವೆಂದು ಅವಳು ತನ್ನ ಕೆಲಸದಲ್ಲಿ ಯಾರಿಗೂ ಹೇಳಿದವಳಲ್ಲ. ನಿನ್ನೆ ಅಕ್ಕನಿಗೂ, ಇಳಿದವಳೇ ಓಡು, ಎಲ್ಲೂ ನಿಲ್ಲಬೇಡ ಎಂದೇ ಹೇಳಿದ್ದಳು.

ಆ ಕಡೆಯಿಂದ ನಿಲ್ದಾಣದ ಪ್ರಕಟಣೆಗಳು ಒಂದರ ಹಿಂದೊಂದು ಕೇಳುತ್ತಿದ್ದವು.

“ಫೋನನ್ನ ಅವನ ಕಿವಿಗೆ ಹಿಡಿ,” ಎಂದಳು ಅಕ್ಕ.

ತಂಗಿ ಹಿಡಿದಳು. ತಣ್ಣಗಾದ ಆ ಕಿವಿಯ ಬಳಿ ಅಕ್ಕನ ದನಿ ನಡುಗದೆ ಬಂತು: “ಭಗವಂತಾ, ನನ್ನ ತಮ್ಮನನ್ನ ನಿನ್ನ ಮಡಿಲಿಗೆ ಹಾಕ್ತಿದ್ದೀನಿ. ಅವನಿಗೆ ಶಾಂತಿ ಕೊಡಪ್ಪಾ.”