ಅಜ್ಜಿಯ ಹರಳೆಣ್ಣೆ, ಚಿಕ್ಕಪ್ಪನ ರೇಸು

ಹರಳೆಣ್ಣೆಯ ವಾಸನೆ ಬಂದರೆ ಈಗಲೂ ನನಗೆ ಹೊಸಹಳ್ಳಿಯ ಆ ಮಧ್ಯಾಹ್ನ ನೆನಪಾಗುತ್ತದೆ.

ಚಿಕ್ಕಪ್ಪ ಮೋಟಾರ್‌ಸೈಕಲ್ ರೇಸಿನವನು. ಹಿಂದಿನ ವರ್ಷ ಬಿದ್ದು ಭುಜ ಮುರಿದುಕೊಂಡಿದ್ದ. ಇನ್ನೆರಡು ದಿನಕ್ಕೆ ಮದ್ರಾಸಿನಲ್ಲಿ ರೇಸು. ಗೆದ್ದರೆ ಸಂಬಳ ಕೊಟ್ಟು ಇಟ್ಟುಕೊಳ್ಳುವುದಾಗಿ ಒಂದು ಕಂಪನಿ ಮಾತು ಕೊಟ್ಟಿತ್ತು. ಐವತ್ತರ ದಶಕದಲ್ಲಿ ರೇಸಿನ ಎಂಜಿನ್ ಬಿಸಿಗೆ ಹಿಡಿದುಕೊಂಡು ನಿಲ್ಲದಂತೆ ಅದಕ್ಕೆ ಹರಳೆಣ್ಣೆಯನ್ನೇ ಹಾಕುತ್ತಿದ್ದರು. ಮನೆಯಲ್ಲಿ ಅದನ್ನು ಕಾಯಿಸುತ್ತಿದ್ದವಳು ಅಜ್ಜಿ.

"ಒಂದು ತೊಟ್ಟೂ ಕೊಡಲ್ಲ. ಇದು ಮಕ್ಕಳ ತಲೆಗೆ ಕಾಯಿಸಿರೋದು, ನಿನ್ನ ಸಾವಿಗಲ್ಲ," ಎಂದಳು ಅಜ್ಜಿ.

"ಆಯ್ತು ಬಿಡಮ್ಮ, ಅಂಗಡೀದೇ ಹಾಕ್ತೀನಿ," ಚಿಕ್ಕಪ್ಪ ನಕ್ಕ. "ಅದ್ರಲ್ಲಿ ಅರ್ಧ ಕಸ. ರೇಸಿನ ಮಧ್ಯೆ ಎಂಜಿನ್ ಹಿಡ್ಕೊಂಡ್ರೆ ನಾನು ಗಾಳೀಲಿ."

ಅಜ್ಜಿ ಹಳೆಯ ಸೀರೆಯ ತುಂಡನ್ನು ಗಾಜಿನ ಸೀಸೆಯ ಬಾಯಿಗೆ ಕಟ್ಟಿ ಎಣ್ಣೆ ಸೋಸತೊಡಗಿದಳು. ಒಂದು ಸಲ, ಎರಡು ಸಲ, ಮೂರು ಸಲ.

ನಾನು ಬಿಡುವವಳೇ? "ಕೊಡಲ್ಲ ಅಂತೀಯ, ಎಣ್ಣೇನೂ ಸೋಸ್ತೀಯ. ಎರಡ್ರಲ್ಲಿ ಒಂದು ಸುಳ್ಳು ತಾನೆ? ನಮ್ಮ ತಲೆಗಾದ್ರೆ ಒಂದೇ ಸಲ ಸೋಸೋದು!"

"ಲಾಯರಮ್ಮ, ಬಾಯಿ ಮುಚ್ಕೊಂಡು ಇಲ್ಲಿ ನೋಡೇ," ಎಂದು ಅಜ್ಜಿ ಸೀಸೆಯನ್ನು ಬಿಸಿಲಿಗೆ ಹಿಡಿದಳು. "ನನ್ನ ಕಣ್ಣಿಗೆ ಕಾಣಲ್ಲ. ಕಸ ಏನಾದ್ರೂ ಇದ್ಯಾ?"

ಇರಲಿಲ್ಲ. ಹಾಗೆಂದು ಹೇಳಿದೆ.

ಅವಳು ನಾಲ್ಕನೇ ಸಲ ಸೋಸಿದಳು.